ಪಂಢರಪುರ ಪ್ರವಾಸದಲ್ಲಾದ ವಿಳಂಬ ಹಾಗೂ ಅದೇ ವಿಳಂಬಕ್ಕೆ ವಸೂಲಿ ಮಾಡಿದ ವೇಟಿಂಗ್ ಚಾರ್ಜ್ ಕುರಿತು ದೂರು

ಇಂದ,
ನಿಮ್ಮ ಗ್ರಾಹಕ, ನರಗುಂದ, ಗದಗ ಜಿಲ್ಲೆ

ಗೆ,
ವ್ಯವಸ್ಥಾಪಕರು, ಪ್ರವಾಸಿ ವಾಹನ ಬಾಡಿಗೆ ಸಂಸ್ಥೆ, ಹುಬ್ಬಳ್ಳಿ

ಮಾನ್ಯರೆ,

ಆಷಾಢ ಏಕಾದಶಿಗೆ ಮನೆಯ ಹಿರಿಯರನ್ನು ಪಂಢರಪುರಕ್ಕೆ ಕರೆದೊಯ್ಯಲು ನಿಮ್ಮ ಸಂಸ್ಥೆಯ ಟೆಂಪೊ ಟ್ರಾವೆಲರ್ ಗೊತ್ತುಮಾಡಿ, ಮುಂಗಡವನ್ನೂ ಬಹಳ ಮೊದಲೇ ಕಟ್ಟಿದ್ದೆ. ದಶಮಿಯ ಸಂಜೆ ನರಗುಂದ ಬಿಟ್ಟು ವಿಜಯಪುರ, ಸೊಲ್ಲಾಪುರ ಮಾರ್ಗವಾಗಿ ಹೋಗಿ, ಏಕಾದಶಿಯ ನಸುಕಿಗೆ ಹಿರಿಯರಿಗೆ ಚಂದ್ರಭಾಗೆಯ ಸ್ನಾನ ಮಾಡಿಸಬೇಕೆಂಬುದನ್ನು ಬುಕಿಂಗ್ ವೇಳೆಯೇ ನಿಮ್ಮ ಕಚೇರಿಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದೆ.

ದಾರಿಯಲ್ಲಾದ ಎಲ್ಲ ತಡಕ್ಕೂ ನಿಮ್ಮನ್ನು ಹೊಣೆ ಮಾಡುತ್ತಿಲ್ಲ. ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಕುಳಗೇರಿ ಕ್ರಾಸ್ ಬಳಿ ಲಾರಿಯೊಂದು ಕೆಟ್ಟು ನಿಂತು ವಾಹನಗಳು ಸಾಲುಗಟ್ಟಿದ್ದವು. ಮಳೆಯಿಂದಾಗಿ ಮುಂದೆಯೂ ನಿಧಾನವಾಗಿಯೇ ಸಾಗಬೇಕಾಯಿತು. ಮಳೆಗಾಲದ ಪ್ರಯಾಣದಲ್ಲಿ ಇವೆಲ್ಲ ಇದ್ದದ್ದೇ. ನನ್ನ ದೂರು ಇರುವುದು, ವಾಹನವು ಹುಬ್ಬಳ್ಳಿಯ ನಿಮ್ಮ ಶೆಡ್ ಬಿಡುವ ಮೊದಲೇ ನೀವು ನೋಡಿಕೊಳ್ಳಬೇಕಾಗಿದ್ದ ಸಂಗತಿಗಳ ಬಗ್ಗೆ.

ಕೊಲ್ಹಾರದ ಕೃಷ್ಣಾ ಸೇತುವೆ ದಾಟಿದ ಮೇಲೆ ಹಿಂದಿನ ಟೈರ್ ಒಡೆಯಿತು. ಹೊರತೆಗೆದ ಸ್ಟೆಪ್ನಿ ಎಷ್ಟು ಸವೆದಿತ್ತೆಂದರೆ ಮೊಬೈಲ್ ಬೆಳಕಿನಲ್ಲಿ ಅದರ ಒಳಗಿನ ನೂಲೇ ಕಾಣುತ್ತಿತ್ತು. ರಸ್ತೆಯ ಮಗ್ಗುಲಿನ ಎರೆಮಣ್ಣು ನೆನೆದು ಜಾಕ್ ಹೂತುಹೋಗುತ್ತಿದ್ದುದರಿಂದ, ಹೊಲದ ಬದುವಿನಿಂದ ಕಲ್ಲು ಹೊತ್ತು ತಂದು ಅದರ ಕೆಳಗೆ ಇಡಬೇಕಾಯಿತು. ಅಷ್ಟು ಹೊತ್ತೂ ವೃದ್ಧರು, ಹೆಣ್ಣುಮಕ್ಕಳು ಜಿಟಿಜಿಟಿ ಮಳೆಯಲ್ಲಿ ಹೆದ್ದಾರಿಯ ಅಂಚಿಗೆ ನಿಂತಿದ್ದರು. ಟ್ರ್ಯಾಕ್ಟರ್‌ನಲ್ಲಿ ಬಂದ ರೈತರೊಬ್ಬರು ತಾವಾಗಿಯೇ ನಿಂತು ನೆರವಾದರು. ನಿಮ್ಮ ಕಚೇರಿಯ ಫೋನನ್ನು ಮಾತ್ರ ಯಾರೂ ಎತ್ತಲಿಲ್ಲ.

ಇದಕ್ಕಿಂತ ದೊಡ್ಡ ಲೋಪ ಗಡಿಯಲ್ಲಿ ಹೊರಬಿತ್ತು. ಧೂಳಖೇಡ ದಾಟಿ ಮಹಾರಾಷ್ಟ್ರ ಪ್ರವೇಶಿಸಿದಾಗ ತಪಾಸಣೆ ನಡೆದು, ವಾಹನಕ್ಕೆ ಕರ್ನಾಟಕದ ಪರ್ಮಿಟ್ ಮಾತ್ರ ಇದೆಯೆಂದು ತಿಳಿಯಿತು. ಹೊರರಾಜ್ಯಕ್ಕೆ ಬಾಡಿಗೆ ಒಪ್ಪಿಕೊಂಡ ಸಂಸ್ಥೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರುವ ವಾಹನ ಕಳಿಸಬೇಕಿತ್ತು, ಇಲ್ಲವೇ ತಾತ್ಕಾಲಿಕ ಪರ್ಮಿಟ್ ಮಾಡಿಸಿ ತೆರಿಗೆಯನ್ನು ಮೊದಲೇ ತುಂಬಬೇಕಿತ್ತು. ಬೆಳಿಗ್ಗೆ ನಿಮ್ಮ ಕಚೇರಿ ತೆರೆದು ಆನ್‌ಲೈನ್‌ನಲ್ಲಿ ಹಣ ಕಟ್ಟುವವರೆಗೆ ನಾವು ಅಲ್ಲಿಂದ ಕದಲುವಂತಿರಲಿಲ್ಲ.

ಪಂಢರಪುರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ದರ್ಶನದ ಸಾಲು ಹಿರಿಯರು ನಿಲ್ಲಬಹುದಾದ ಮಟ್ಟ ಮೀರಿದ್ದರಿಂದ, ವಿಠ್ಠಲನ ಪಾದಕ್ಕೆ ಹಣೆ ಹಚ್ಚಬೇಕೆಂದು ಬಂದಿದ್ದ ನಮ್ಮ ತಾಯಿ ದೇಗುಲದ ಮಹಾದ್ವಾರದ ಮೆಟ್ಟಿಲಾದ ನಾಮದೇವ ಪಾಯರಿಗೆ ಕೈಮುಗಿದು, ಕಳಸದ ದರ್ಶನ ಮಾಡಿಕೊಂಡು ಮರಳಿದರು. ಈ ನಷ್ಟವನ್ನು ಯಾವ ಹಣವೂ ತುಂಬಿಕೊಡದು.

ಹೀಗಿದ್ದೂ ಅಂತಿಮ ಬಿಲ್ಲಿನಲ್ಲಿ ನೀವು ಗಡಿಯಲ್ಲಿ ನಿಂತ ಹೊತ್ತಿಗೂ ಟೈರ್ ಬದಲಿಸಿದ ಹೊತ್ತಿಗೂ ವೇಟಿಂಗ್ ಚಾರ್ಜ್ ಹಾಕಿದ್ದೀರಿ. ನಿಮ್ಮ ತಪ್ಪಿನಿಂದ ನಾವು ಕಾದದ್ದಕ್ಕೆ ನಾವೇ ದುಡ್ಡು ಕೊಡಬೇಕೆನ್ನುವುದು ಯಾವ ನ್ಯಾಯ? ವಾಹನದ ಜಿಪಿಎಸ್ ದಾಖಲೆ ನಿಮ್ಮ ಬಳಿಯೇ ಇದೆ. ಎಲ್ಲಿ, ಎಷ್ಟು ಹೊತ್ತು ನಿಂತೆವೆಂಬುದನ್ನು ಅದರಲ್ಲಿಯೇ ಪರಿಶೀಲಿಸಬಹುದು.

ಚಾಲಕರ ಮೇಲೆ ನನ್ನ ಆಕ್ಷೇಪವಿಲ್ಲ. ಹಿಂದಿನ ರಾತ್ರಿ ಮದುವೆಯ ಬಾಡಿಗೆ ಮುಗಿಸಿ ಬಂದವರನ್ನು ನಿದ್ದೆಯಿಲ್ಲದೆ ಮತ್ತೆ ರಾತ್ರಿ ಪ್ರಯಾಣಕ್ಕೆ, ಅದೂ ಒಬ್ಬರನ್ನೇ, ಕಳಿಸಿದವರು ನೀವು. ಕಾರ್ಮಿಕ ಕಾನೂನು ದಿನದ ದುಡಿಮೆಗೆ ಸಾಮಾನ್ಯವಾಗಿ ಎಂಟು ಗಂಟೆಯ ಮಿತಿ ಹಾಕಿರುವುದು ಚಾಲಕರಷ್ಟೇ ಪ್ರಯಾಣಿಕರ ಜೀವಕ್ಕೂ ಸಂಬಂಧಿಸಿದ್ದು.

ಆದ್ದರಿಂದ ವೇಟಿಂಗ್ ಚಾರ್ಜ್ ಪೂರ್ತಿ ಹಿಂದಿರುಗಿಸಿ, ಬಾಡಿಗೆಯ ಅರ್ಧವನ್ನು ಪರಿಹಾರವಾಗಿ ನೀಡಬೇಕೆಂದೂ, ಆ ಮೊತ್ತವನ್ನು ಚಾಲಕರ ಸಂಬಳದಲ್ಲಿ ಮುರಿದುಕೊಳ್ಳಬಾರದೆಂದೂ ಕೇಳಿಕೊಳ್ಳುತ್ತೇನೆ. ಬಿಲ್ಲು, ಮುಂಗಡದ ರಸೀದಿ ಹಾಗೂ ಸ್ಟೆಪ್ನಿಯ ಫೋಟೊಗಳನ್ನು ಲಗತ್ತಿಸಿದ್ದೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗದಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದೆಂಬುದನ್ನು ನಿಮ್ಮ ಗಮನಕ್ಕೆ ತರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ನರಗುಂದ