ಟ್ರಿಯೆಸ್ಟೆಯಿಂದ ಅಪ್ಪನಿಗೊಂದು ಕಾಗದ

ಟ್ರಿಯೆಸ್ಟೆ, ಇಟಲಿ
16 ಫೆಬ್ರವರಿ 2025, ಭಾನುವಾರ

ತೀರ್ಥರೂಪು ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವು, ಅಮ್ಮ, ತಮ್ಮ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ.

ನಗಬೇಡಿ. ಹೈಸ್ಕೂಲಿನಲ್ಲಿ ಕಾಗದ ಬರೆಯಲು ಕಲಿಸಿದ್ದು ಹೀಗೇ. ಆಮೇಲೆ ಯಾರಿಗೂ ಒಂದು ಕಾಗದ ಬರೆದಿಲ್ಲ, ಹಾಗಾಗಿ ಬೇರೆ ತರಹ ಶುರು ಮಾಡೋದು ಗೊತ್ತಿಲ್ಲ.

ಬೆಳಿಗ್ಗೆ ಫೋನಿನಲ್ಲಿ ಮಾತು ಅರ್ಧಕ್ಕೆ ನಿಂತಿತು. ನೀವು ಕಾಫಿ ಕಣದ ಮೂಲೆಯಲ್ಲಿ ಟವರ್ ಹುಡುಕುತ್ತಾ ನಿಂತಿದ್ದಿರಿ. ನಿಮ್ಮ ಮುಖ ಬಾಯಿ ತೆರೆದ ಹಾಗೇ ಸ್ಕ್ರೀನಿನಲ್ಲಿ ಅಂಟಿಕೊಂಡಿತ್ತು. ಕೊನೆಗೆ ಕೇಳಿಸಿದ್ದು ಒಂದೇ ಪ್ರಶ್ನೆ: "ಅಲ್ಲಿ ಕಾಫಿಗೆ ಏನು ರೇಟು?" ನಾನು ಸಿಡುಕಿ ಏನೋ ಅಂದೆ. ನಿಮಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಳಿಸಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡೋಣ ಅಂತಲೇ ಈಗ ಕೂತಿದ್ದೇನೆ. ಹೊರಗೆ ಬೋರಾ ಬೀಸುತ್ತಿದೆ. ಬೋರಾ ಅಂದರೆ ಇಲ್ಲಿನ ಗಾಳಿ. ಹಿಂದೆ ಜನ ಬೀಳದಿರಲಿ ಅಂತ ಬೀದಿಯಲ್ಲಿ ಹಿಡಿದುಕೊಳ್ಳಲು ಹಗ್ಗ ಕಟ್ಟುತ್ತಿದ್ದರಂತೆ. ನಿನ್ನೆ ನನ್ನ ಕೊಡೆ ಮೂರು ನಿಮಿಷವೂ ಬಾಳಲಿಲ್ಲ.

ಇದು ಕಾಫಿಯ ಊರು, ಅಪ್ಪ. 1719ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಇದನ್ನು ಸುಂಕವಿಲ್ಲದ ಬಂದರು ಅಂತ ಸಾರಿದ. ಅಲ್ಲಿಂದ ಮುಂದೆ ಹಡಗುಗಳಲ್ಲಿ ಕಾಫಿ ಬಂದು ಇಳಿಯತೊಡಗಿತು. ಇವತ್ತಿಗೂ ಇಳಿಯುತ್ತಿದೆ. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳೋದು ಇಟಲಿಯೇ ಅಂತ ನೀವೇ ಹೇಳುತ್ತಿದ್ದಿರಿ. ಎಸ್ಪ್ರೆಸೊ ಮೇಲೆ ದಪ್ಪ ನೊರೆ ನಿಲ್ಲಬೇಕಾದರೆ ರೋಬಸ್ಟಾ ಜಾತಿಯ ಬೀಜ ಬೇಕು.

ಇಲ್ಲಿ ಕಾಫಿ ಕೇಳೋದಕ್ಕೂ ಒಂದು ಭಾಷೆ ಇದೆ. ಕಪ್ಪು ಕಾಫಿ ಬೇಕಾದರೆ "ನೇರೊ" ಅನ್ನಬೇಕು. ಚೂರು ಹಾಲಿನ ನೊರೆ ಹಾಕಿದ್ದಕ್ಕೆ "ಕಾಪೊ". ಅದನ್ನೇ ಪುಟ್ಟ ಗಾಜಿನ ಲೋಟದಲ್ಲಿ ಕೊಟ್ಟರೆ "ಕಾಪೊ ಇನ್ ಬಿ". ಮೊದಲ ವಾರ ನಾನು ಬೇರೇನೋ ಕೇಳಿ, ಒಂದು ಬಟ್ಟಲು ಹಾಲು ಕುಡಿದು ಬಂದೆ. ಜನ ಕೂರೋದೇ ಇಲ್ಲ. ಕೌಂಟರಿನ ಮುಂದೆ ನಿಂತು ಎರಡು ಗುಟುಕಿನಲ್ಲಿ ಮುಗಿಸಿ, ಚಿಲ್ಲರೆ ಇಟ್ಟು ಹೋಗುತ್ತಾರೆ. ನಮ್ಮ ಸಕಲೇಶಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಂಡಕ್ಟರುಗಳು ಕುಡಿಯೋದು ಹೀಗೇ ಅಲ್ವಾ?

ಈಗ ರೇಟಿಗೆ ಬರುತ್ತೇನೆ. ನಾನು ಹೋಗುವ ಅಂಗಡಿಯಲ್ಲಿ ಒಂದು ನೇರೊಗೆ 1 ಯೂರೊ 40 ಸೆಂಟ್, ಅಂದರೆ ಸುಮಾರು 126 ರೂಪಾಯಿ. ಒಂದು ಕಪ್ಪಿಗೆ ಬೇಕಾಗೋದು 7 ಗ್ರಾಂ ಪುಡಿ. ಒಂದು ಕೆಜಿ ಹಸಿ ಬೀಜ ಹುರಿದಾಗ ಆರನೇ ಒಂದು ಭಾಗ ಹೋದರೂ ನೂರಹದಿನೈದು, ನೂರಿಪ್ಪತ್ತು ಕಪ್ ಆಗುತ್ತದೆ. ಹದಿನೈದು ಸಾವಿರ ರೂಪಾಯಿ! ನಿಮ್ಮ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆಯನ್ನು ಔಟ್‌ಟರ್ನ್ ಲೆಕ್ಕದಲ್ಲಿ, ಅಂದರೆ ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜದ ಲೆಕ್ಕದಲ್ಲಿ ಹಿಡಿದರೆ, ಈ ಒಳ್ಳೇ ವರ್ಷದಲ್ಲೂ ಕೆಜಿ ಬೀಜಕ್ಕೆ ನಿಮಗೆ ಸಿಗೋದು ನಾನೂರು ಚಿಲ್ಲರೆ. ಕಪ್ಪಿಗೆ ನಾಲ್ಕು ರೂಪಾಯಿಯೂ ಇಲ್ಲ. ಅಂಗಡಿಯವನಿಗೆ ಬಾಡಿಗೆ, ಸಂಬಳ, ಕರೆಂಟು ಎಲ್ಲಾ ಇದೆ, ಒಪ್ಪುತ್ತೇನೆ. ಆದರೂ ಈ ಲೆಕ್ಕ ಹಾಕಿದ ದಿನ ಕಪ್ ಕೆಳಗಿಡುವಾಗ ಕೈ ಸ್ವಲ್ಪ ಭಾರ ಆಯಿತು.

ಹೋದ ತಿಂಗಳು ಒಂದು ಸಣ್ಣ ಹುರಿಯುವ ಅಂಗಡಿಗೆ ಹೋಗಿದ್ದೆ. ಒಳಗೆ ಸೆಣಬಿನ ಚೀಲಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೆ "ಮಾನ್ಸೂನ್ಡ್ ಮಲಬಾರ್, ಇಂಡಿಯಾ" ಅಂತ ಅಚ್ಚು. ಕೇಳಿ, ಕೈ ಒಳಗೆ ಹಾಕಿದೆ. ಊದಿಕೊಂಡ, ಹುಲ್ಲಿನ ಬಣ್ಣದ ಹಗುರ ಬೀಜ. ಮೂಗಿಗೆ ಹಿಡಿದರೆ ಆಷಾಢದಲ್ಲಿ ನಮ್ಮ ಗೋಡೌನ್ ಬಾಗಿಲು ತೆಗೆದಾಗ ಬರುತ್ತಲ್ಲ, ಅದೇ ವಾಸನೆ! ಅಂಗಡಿಯಾತ ಕಥೆ ಹೇಳಿದ. ಹಾಯಿಹಡಗಿನ ಕಾಲದಲ್ಲಿ ಕಾಫಿ ಆಫ್ರಿಕಾ ಸುತ್ತಿಕೊಂಡು ಯುರೋಪಿಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಮುದ್ರದ ತೇವಕ್ಕೆ ಬೀಜ ಹಳದಿ ಆಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಬೆ ಹಡಗು ಬಂತು, ಕಾಫಿ ಹಸಿರಾಗೇ ಬಂದು ಇಳಿಯಿತು. ಕುಡಿಯುವವರು "ಇದು ಆ ರುಚಿ ಅಲ್ಲ" ಅಂದರು. ಅದಕ್ಕೇ ನಮ್ಮ ಕರಾವಳಿಯಲ್ಲಿ ಬೀಜವನ್ನು ಮಳೆಗಾಲದ ಗಾಳಿಗೆ ಹರಡಿ, ಬೇಕಂತಲೇ ತೇವ ಹಿಡಿಸಿ ಕಳಿಸಲು ಶುರು ಮಾಡಿದರಂತೆ. ಹಡಗಿನ ವೇಗ ಕಿತ್ತುಕೊಂಡದ್ದನ್ನು ಮಂಗಳೂರಿನ ಗೋಡೌನಿನಲ್ಲಿ ವಾಪಸ್ ಮಾಡಿಕೊಡುತ್ತಿದ್ದಾರೆ ನೋಡಿ. ತಮಾಷೆ ಅಂದರೆ, ಈಗ ಕೆಂಪು ಸಮುದ್ರದಲ್ಲಿ ದಾಳಿಯ ಭಯಕ್ಕೆ ಎಷ್ಟೋ ಹಡಗುಗಳು ಮತ್ತೆ ಆಫ್ರಿಕಾ ಸುತ್ತಿಕೊಂಡೇ ಬರುತ್ತಿವೆ.

ಮಲಬಾರ್ ಎಲ್ಲಿದೆ ಅಂತ ಆತ ಕೇಳಿದ. ಹೆಸರು ಮಲಬಾರಿನದಾದರೂ ಬೀಜ ನಮ್ಮ ಘಟ್ಟದ್ದೂ ಇರಬಹುದು ಅಂದೆ. ಚೀಲವನ್ನು ತಿರುಗಿಸಿ ನೋಡಿದೆವು. ಬೆಳೆದವರ ಹೆಸರು ಎಲ್ಲೂ ಇರಲಿಲ್ಲ.

ಅಮ್ಮ ಫೋನಿನಲ್ಲಿ ನಿಮ್ಮ ಮೇಲೆ ದೂರು ಹೇಳುತ್ತಾಳೆ. ಮಧ್ಯಾಹ್ನ ಎರಡೂವರೆಗೆ ರೋಬಸ್ಟಾ ರೇಟು ಕಟ್ಟುವ ಲಂಡನ್ ಮಾರ್ಕೆಟ್ ತೆರೆದರೆ ರಾತ್ರಿ ಹನ್ನೊಂದಕ್ಕೆ ಮುಚ್ಚುವವರೆಗೆ ಮೊಬೈಲ್ ಕೆಳಗಿಡಲ್ಲವಂತೆ. ಊಟದ ತಟ್ಟೆ ಪಕ್ಕದಲ್ಲೂ ಅದೇ ಅಂತೆ. ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ಹೋದ ವರ್ಷ ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಮಾತು ನಂಬಿ, ರೇಟು ಬೀಳುತ್ತದೆ ಅಂತ ಕಣದಲ್ಲೇ ಮಾರಿದಿರಿ. ಆಮೇಲೆ ಅದು ಏರುತ್ತಾ ಹೋಗಿ, ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. ಅಜ್ಜನ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕು, ಎಲ್ಲರದ್ದನ್ನೂ ಸೇರಿಸಿ ಬೋರ್ಡೇ ಮಾರುತ್ತಿತ್ತು, ಅಷ್ಟೇ. ದುಡ್ಡು ಕಂತು ಕಂತಾಗಿ, ಬೋರ್ಡಿನವರು ಕೊಟ್ಟಾಗ. ಹಾಗಂತ ಆ ಕಾಲವೇ ವಾಸಿ ಅಂತ ನೀವು ಹೇಳುವಾಗ ಮಾತ್ರ ನಾನು ಒಪ್ಪಲ್ಲ. ಒಂದು ವರ್ಷದ ಬೆಳೆಯ ಕೊನೇ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಬಂದಿರುತ್ತಿತ್ತು, ಸಾಲ ಮಾತ್ರ ಕಾಯುತ್ತಿರಲಿಲ್ಲ ಅಂತ ಅಜ್ಜನೇ ಹೇಳಿದ್ದು ನನಗೆ ನೆನಪಿದೆ.

ಒಂದು ಮಾತ್ರ ನಿಜ. ರೇಟು ಈಗ ನಿಮ್ಮ ಜೇಬಿನಲ್ಲಿದೆ. ಅದನ್ನು ಕಟ್ಟುವವರು ನಿಮ್ಮ ಕೈಗೆ ಸಿಗುವವರಲ್ಲ.

ಇನ್ನೊಂದು ವಿಷಯ. ನೀವು ದಿನಾ ಬೈಯುವ ವಿಯೆಟ್ನಾಂ ಇಲ್ಲಿ ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತದೆ! ನಮ್ಮ ಕ್ಲಾಸಿನ ಹುಡುಗಿ. ಅವಳ ಮಾವ ಡಾಕ್‌ಲಾಕ್ ಅನ್ನುವ ಕಡೆ ಕಾಫಿ ಬೆಳೆಯುತ್ತಾರೆ. ಜೊತೆಗೆ ಮೆಣಸು ಕೂಡ. ನಿಮ್ಮ ಮೆಣಸಿನ ರೇಟು ಕೆಡಿಸಿದ ಅದೇ ಮೆಣಸು. ಅವಳಿಗೆ ಹೇಳಿದೆ, ನಕ್ಕಳು. ಆಮೇಲೆ ಅವರ ಕಷ್ಟ ಹೇಳಿದಳು. ಹೋದ ವರ್ಷ ಬರ ಬಂದು ಬಾವಿಗಳು ಒಣಗಿದವಂತೆ. ಅಕ್ಕಪಕ್ಕದವರು ಕಾಫಿ ಕಿತ್ತು ಡುರಿಯನ್ ಹಣ್ಣಿನ ಗಿಡ ಹಾಕುತ್ತಿದ್ದಾರಂತೆ, ಚೀನಾದವರು ಕೊಳ್ಳುತ್ತಾರೆ ಅಂತ.

ಆ ರಾತ್ರಿ ಮಲಗಿಕೊಂಡು ಲೆಕ್ಕ ಹಾಕಿದೆ. ನಾನು ಹುಟ್ಟಿದ್ದು 2001ರಲ್ಲಿ. ವಿಯೆಟ್ನಾಂನವರು ತೊಂಬತ್ತರ ದಶಕದಲ್ಲಿ ನೆಟ್ಟ ಕಾಫಿಯೆಲ್ಲ ಮಾರ್ಕೆಟ್ಟಿಗೆ ಬಂದು, ರೋಬಸ್ಟಾ ಟನ್ನಿಗೆ 500 ಡಾಲರಿಗೂ ಕೆಳಗೆ ಹೋದ ವರ್ಷ. ನನ್ನ ನಾಮಕರಣಕ್ಕೆ ಅಮ್ಮನ ಕೈಯಲ್ಲಿ ಬಳೆ ಇರಲಿಲ್ಲ, ಬ್ಯಾಂಕಿನಲ್ಲಿತ್ತು. ಈಗ ಅವರಿಗೆ ಮಳೆ ಇಲ್ಲ, ನಾವು ತಮ್ಮನ ಕಾಲೇಜು ಫೀಸು ಒಂದೇ ಸಲಕ್ಕೆ ಕಟ್ಟಿದೆವು. ಇದನ್ನು ಅವಳಿಗೆ ಹೇಳಲು ಮನಸ್ಸು ಬರಲಿಲ್ಲ.

ಅಂದ ಹಾಗೆ, ನಾವಿಬ್ಬರೂ ಓದುವ ಈ ಸಂಸ್ಥೆಯನ್ನು 1964ರಲ್ಲಿ ಶುರು ಮಾಡಿದ್ದು ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ. ಬಡ ದೇಶದ ವಿಜ್ಞಾನಿಗಳು ಇಲ್ಲಿಗೆ ಬಂದು ಕಲಿಯಲಿ, ಆದರೆ ತಮ್ಮ ಊರನ್ನೇ ಬಿಟ್ಟು ಹೋಗುವಂತಾಗಬಾರದು ಅಂತ. ಅಮ್ಮನಿಗೆ ಇದನ್ನು ಓದಿ ಹೇಳಿ. ಮದುವೆ ಮಾತು ಎತ್ತದಿದ್ದರೆ ಆಗಸ್ಟಿನಲ್ಲಿ ವಾಪಸ್ ಬರುತ್ತೇನೆ.

ಯುರೋಪಿನ ಹೊಸ ಕಾನೂನಿನ ಬಗ್ಗೆ ಕೇಳಿದ್ದಿರಿ. ಗಾಬರಿ ಬೇಡ. ಅದು 2023ರಲ್ಲಿ ಆದದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಇಲ್ಲಿಗೆ ಬರುವಂತಿಲ್ಲ. ಜಾರಿಯನ್ನು ಒಂದು ವರ್ಷ ಮುಂದೆ ಹಾಕಿದ್ದಾರೆ. ನಮ್ಮ ತೋಟ ಆರು ಎಕರೆ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ ತನಕ ಬೇಲಿಯ ಸುತ್ತ ಅಳೆಯಬೇಕಿಲ್ಲ, ಮ್ಯಾಪಿನಲ್ಲಿ ಒಂದು ಚುಕ್ಕಿ ಸಾಕು. ಊರಿಗೆ ಬಂದಾಗ ತಮ್ಮನೇ ಮೊಬೈಲ್ ಹಿಡಿದು ತೋಟದ ನಡುವೆ ನಿಂತು ಆ ಚುಕ್ಕಿ ತೆಗೆದುಕೊಳ್ಳಲಿ, ಕಾಫಿ ಬೋರ್ಡಿನಲ್ಲಿ ನೋಂದಾಯಿಸಿ. ಮರಗಸಿ ಮಾಡಿ ನೆರಳಿನ ಮರದ ಕೊಂಬೆ ಕಡಿದದ್ದನ್ನು ನೋಡಿ ಉಪಗ್ರಹ ಕಾಡು ಕಡಿದರು ಅಂದುಕೊಂಡರೆ ಅಂತ ಕೇಳಿದಿರಲ್ಲ, ಆ ಭಯ ನನಗೂ ಇದೆ. ನಂದಿ, ಹೊನ್ನೆ, ಹಲಸಿನ ನೆರಳಿನಲ್ಲಿ ಕಾಫಿ ಬೆಳೆಯುವವರು ಕಾಡು ಕಡಿದಿಲ್ಲ ಅಂತ ರುಜುವಾತು ಕೊಡಬೇಕು ಅಂದರೆ ಸಿಟ್ಟು ಬರಲ್ವಾ? ನೆರಳು ತೆಗೆಯುವ ಮೊದಲು ಮತ್ತು ಆಮೇಲೆ ಒಂದೊಂದು ಫೋಟೋ ತೆಗೆದಿಡಿ.

ಆ ಚುಕ್ಕಿ ಇಲ್ಲಿಯ ತನಕ ಬರುತ್ತದೆ. ಅದನ್ನು ಒತ್ತಿದರೆ ನಮ್ಮ ಮನೆಯ ಹೆಂಚು ಕಾಣಬಹುದು. ಆದರೆ ನಿಮಗೆ ಇಲ್ಲಿನ ಕೌಂಟರ್ ಕಾಣಲ್ಲವಲ್ಲ. ಅದಕ್ಕೇ ಇಷ್ಟುದ್ದ ಬರೆದೆ.

ಕಾಫಿ ಹೂ ಬಿಡಿಸುವ ಹೂಮಳೆ ಬಂತಾ? ಇಲ್ಲ ಅಂದರೆ ಸ್ಪ್ರಿಂಕ್ಲರ್ ಹಾಕಿದಿರಾ, ಕೆರೆಯಲ್ಲಿ ನೀರೆಷ್ಟಿದೆ? ಹೂ ಬಿಟ್ಟ ದಿನ ಒಂದು ಫೋಟೋ ಕಳಿಸಿ, ವಿಯೆಟ್ನಾಂ ಹುಡುಗಿಗೂ ತೋರಿಸಬೇಕು.

ಅಮ್ಮಾ, ನೀನು ಕೊಟ್ಟ ಫಿಲ್ಟರಿನ ಒಳಗಿನ ಬಿಲ್ಲೆ ಕಳೆದುಹೋಯಿತು. ಬೈಬೇಡ. ಆ ಹುಡುಗಿಯ ಹತ್ತಿರ ನಮ್ಮದೇ ತರಹದ ಪುಟ್ಟ ಫಿಲ್ಟರ್ ಇದೆ, ಬಿಲ್ಲೆಯೂ ಇದೆ. ಅದರಲ್ಲೇ ಡಿಕಾಕ್ಷನ್ ಇಳಿಸುತ್ತಿದ್ದೇನೆ. ಪುಡಿ ಮಾತ್ರ ಖಾಲಿ. ಈ ಊರು ತುಂಬಾ ಕಾಫಿ ಇದೆ, ಚಿಕೋರಿ ಹಾಕಿದ್ದು ಎಲ್ಲೂ ಇಲ್ಲ. ಅರ್ಧ ಕೆಜಿ ಕಳಿಸು.

ಇಂತಿ ನಿಮ್ಮ ಮಗಳು