ಕೆಂಪು ದೀಪದ ಜಾಡು ಹಿಡಿದ ಮೆಕ್ಯಾನಿಕ್‌ಗೆ

ಹಳೇ ಕಾರಿನ ಆಯಿಲ್ ಪ್ರೆಶರ್ ದೀಪ ದಾರಿ ಮಧ್ಯೆ ಹೊತ್ತಿಕೊಂಡಿತು. ತಕ್ಷಣ ಎಂಜಿನ್ ಆಫ್ ಮಾಡಿ ನಿಂತಾಗ ತಾವಾಗಿಯೇ ಬಂದು ಬಾನೆಟ್ ಎತ್ತಿದವರ ಹೆಸರು ಗೊತ್ತಿಲ್ಲ. ಅವರಿಗೆ ಈ ಧನ್ಯವಾದ.

ಮೊದಲು ಡಿಪ್‌ಸ್ಟಿಕ್, ಆಯಿಲ್ ಮಟ್ಟ ನೋಡುವ ಕಡ್ಡಿ. ಮಟ್ಟ ಸರಿ ಇತ್ತು. ಆಯಿಲನ್ನು ಬೆರಳಿಗೆ ಹಚ್ಚಿ ಮೂಸಿದರು: ಪೆಟ್ರೋಲ್ ಬೆರೆತರೆ ಆಯಿಲ್ ತೆಳುವಾಗಿ ಪ್ರೆಶರ್ ಬೀಳುತ್ತದೆ. ಆಮೇಲೆ ಇಗ್ನಿಷನ್ ಮಾತ್ರ ಆನ್ ಮಾಡಿಸಿ ಪ್ರೆಶರ್ ಬಿದ್ದಾಗ ದೀಪ ಹೊತ್ತಿಸುವ ಪ್ರೆಶರ್ ಸ್ವಿಚ್‌ನ ಒಂಟಿ ವೈರ್ ಕಿತ್ತರು. ದೀಪ ಆರಿತು. ಅಂದರೆ ವೈರ್ ಎಲ್ಲೂ ಕಾರಿನ ಲೋಹಕ್ಕೆ ತಾಗಿ ಅರ್ತ್ ಆಗಿ ತಾನೇ ದೀಪ ಹೊತ್ತಿಸುತ್ತಿಲ್ಲ. ಒಂದೋ ಸ್ವಿಚ್ ಕೆಟ್ಟಿದೆ, ಇಲ್ಲವೇ ಪ್ರೆಶರ್ ನಿಜಕ್ಕೂ ಬಿದ್ದಿದೆ.

ಇಷ್ಟಕ್ಕೇ ಹೊಸ ಸ್ವಿಚ್ ಹಾಕಿ ಕಳಿಸುವವರೇ ಹೆಚ್ಚು. ಅದು ಅಪಾಯ; ಪ್ರೆಶರ್ ಇಲ್ಲದೆ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಇವರು ಪ್ರೆಶರನ್ನು ನೇರವಾಗಿ ಅಳೆಯುವ ಮೆಕ್ಯಾನಿಕಲ್ ಗೇಜ್ ತಂದರು. ಸ್ವಿಚ್ ಸುತ್ತಲಿನ ಮಣ್ಣನ್ನು ಬಟ್ಟೆಯಿಂದ ಒರೆಸಿದ ಮೇಲೆಯೇ ಸ್ಪ್ಯಾನರ್ ಹಾಕಿದರು, ಒಳಗೆ ಒಂದು ಕಣವೂ ಬೀಳಬಾರದೆಂದು. ಗೇಜ್ ಕೂರಿಸಿ ಎಂಜಿನ್ ಓಡಿಸಿ, ಮುಳ್ಳು ಕಾಣುವಂತೆ ನನ್ನ ಕಡೆ ತಿರುಗಿಸಿದರು. ಬಿಸಿ ಎಂಜಿನ್, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) 20 ಪಿಎಸ್‌ಐ, ಅಂದರೆ ಪ್ರೆಶರ್‌ನ ಅಳತೆ. 3000 ಆರ್‌ಪಿಎಮ್‌ನಲ್ಲಿ 50. ಅಬ್ಬಾ, ಹೋದ ಜೀವ ಬಂದಂತಾಯಿತು! ಇಂಥ ಸ್ವಿಚ್ ಸುಮಾರು 5ರಿಂದ 7 ಪಿಎಸ್‌ಐಗೇ ದೀಪ ಆರಿಸಬೇಕು. ಕೆಟ್ಟಿದ್ದು ಸ್ವಿಚ್ ಮಾತ್ರ.

ಹೊಸದರ ಥ್ರೆಡ್ಡನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿದರು. ಸೋರಿಕೆ ತಡೆಯುವ ಟೆಫ್ಲಾನ್ ಟೇಪ್ ಸುತ್ತಲಿಲ್ಲ, ಈ ಸ್ವಿಚ್‌ಗೆ ಅರ್ತ್ ಸಿಗುವುದು ಥ್ರೆಡ್ ಮೂಲಕವೇ; ಟೇಪ್ ಅದಕ್ಕೆ ಅಡ್ಡಬರಬಹುದು. ಸೋರಿಕೆ ಇಲ್ಲವೆಂದು ಟಾರ್ಚ್ ಹಿಡಿದು ನೋಡಿ, ಗೇಜ್‌ನ ಎರಡೂ ಅಂಕಿಗಳನ್ನು ಆಯಿಲ್ ಫಿಲ್ಟರ್ ಮೇಲೆ ಮಾರ್ಕರ್‌ನಲ್ಲಿ ಬರೆದುಕೊಟ್ಟರು, ಮುಂದಿನ ಸಲ ಹೋಲಿಸಿ ನೋಡಲು.