ಶನಿವಾರದ ಗುಡ್ಡ ನಡಿಗೆ: ಲಾಂತೋನಿಯಿಂದ ಕಾಪೆಲ್-ಅ-ಫಿನ್‌ಗೆ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 10ಕ್ಕೆ ವೇಲ್ಸ್‌ನ ಲಾಂತೋನಿಯಲ್ಲಿ ಸೇರೋಣ. ಪಾಳುಬಿದ್ದ ಹಳೇ ಮಠ, ಅದರ ಪಕ್ಕದ ಸೇಂಟ್ ಡೇವಿಡ್ ಚರ್ಚು ನೋಡಿಕೊಂಡು, ಏರು ಹತ್ತಿ, ಗುಡ್ಡದ ನೆತ್ತಿಯ ಆಫಾಸ್ ಡೈಕ್ ದಾರಿಯಲ್ಲಿ (ಇಂಗ್ಲೆಂಡ್-ವೇಲ್ಸ್ ಗಡಿಯುದ್ದಕ್ಕೂ ಸಾಗುವ ಕಾಲುದಾರಿ) ಒಂದಷ್ಟು ದೂರ ನಡೆದು ಕಾಪೆಲ್-ಅ-ಫಿನ್‌ಗೆ ಇಳಿಯುವುದು. ಹೆಸರಿನ ಅರ್ಥವೇ ಗಡಿಯ ಚಾಪೆಲ್, ಅಂದರೆ ಗಡಿಯ ಪುಟ್ಟ ಚರ್ಚು ಅಂತ. ಅಲ್ಲಿನ ಸೇಂಟ್ ಮೇರಿ ಚಾಪೆಲ್ 1762ರದ್ದು, ಸುತ್ತ ದೊಡ್ಡ ಯೂ ಮರಗಳು, ಒಳಗೆ ಎಷ್ಟು ಇಕ್ಕಟ್ಟು ಅಂದರೆ ನಾವೆಲ್ಲ ಒಟ್ಟಿಗೆ ನುಗ್ಗಿದರೆ ಪಾದ್ರಿಗೇ ಜಾಗ ಇರಲ್ಲ! ಹೊಳೆಯಾಚೆ ಬ್ಯಾಪ್ಟಿಸ್ಟರ ಇನ್ನೊಂದು ಚಾಪೆಲ್ ಇದೆ, ಅದನ್ನೂ ಬಿಡೋದು ಬೇಡ. ವಾಪಸ್ ಕಣಿವೆ ದಾರಿಯಲ್ಲಿ. ಮೇಲೆ ಗಾಳಿ ಜೋರು, ಜಾಕೆಟ್ ಬೇಕೇ ಬೇಕು. ಸುಮ್ನೆ ಚಪ್ಪಲಿ ಹಾಕಿಕೊಂಡು ಬರಬೇಡಿ, ಕೆಸರು ಜಾಸ್ತಿ. ಚಿತ್ರಾನ್ನ ನಂದು, ಚಹಾ ಫ್ಲಾಸ್ಕ್ ಯಾರದ್ದು? ಬರುವವರು ಗುರುವಾರದೊಳಗೆ ಇಲ್ಲೇ ತಿಳಿಸಿ.